ಪಪ್ಪಾಯಿ ಎಲೆಗೆ ಬಂದವರು

ರಾತ್ರಿ ಮಳೆ ನಿಂತ ಮೇಲೆ ಟಾರ್ಚ್ ಹಿಡಿದು ಹಿತ್ತಲಿಗೆ ಹೋದೆ. ಬದನೆ ಸಸಿಗಳ ಪಕ್ಕ ಹಾಸಿದ್ದ ಒದ್ದೆ ಗೋಣಿಚೀಲ ಎತ್ತಿದರೆ, ಕೆಳಗೆ ಪಪ್ಪಾಯಿ ಎಲೆ ಮೇಲೆ ಮದುವೆಮನೆ ಪಂಕ್ತಿಯ ಹಾಗೆ ಕೂತಿದ್ದಾವೆ! ಆಫ್ರಿಕನ್ ಬಸವನಹುಳುಗಳು. ಒಂದೊಂದೂ ಅಂಗೈ ಅಗಲ.

ನಾಲ್ಕೆಲೆಯ ಸಸಿ ಇವಕ್ಕೆ ಒಂದು ತುತ್ತು ಅಷ್ಟೇ. ಬೆಳಿಗ್ಗೆ ನೋಡಿದರೆ ಬರೀ ಕಡ್ಡಿ.

ಬೂದಿ ಹಾಕಿ ಅಂತಾರೆ ಎಲ್ಲರೂ. ಒಣಗಿರುವವರೆಗೆ ಸರಿ, ಒಂದು ಮಳೆ ಬಿದ್ದರೆ ಮುಗಿಯಿತು. ಬುಡಕ್ಕೆ ಉಪ್ಪಂತೂ ಬೇಡವೇ ಬೇಡ, ಸಸಿಯೇ ಸುಟ್ಟುಹೋಗುತ್ತದೆ. ಪಪ್ಪಾಯಿ ಎಲೆ ಅಂದರೆ ಇವಕ್ಕೆ ಪ್ರಾಣ. ಸಂಜೆ ಗೋಣಿ ಅಡಿಗೆ ಇಡಿ, ರಾತ್ರಿ ಆರಿಸಿ ಬಕೆಟ್ಟಿನ ಉಪ್ಪುನೀರಿಗೆ ಹಾಕಿ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ. ಇವುಗಳ ಮೈಯಲ್ಲಿ ರೋಗ ತರುವ ಹುಳ ಇರಬಹುದು. ಒಂದು ಪ್ಲಾಸ್ಟಿಕ್ ಕವರ್ ಸುತ್ತಿಕೊಂಡರೆ ಸಾಕು.

ಅಂದಹಾಗೆ ಇವು ನಮ್ಮ ನೆಲದವಲ್ಲ. 1847ರಲ್ಲಿ ಚಿಪ್ಪಿನ ಹುಚ್ಚಿದ್ದ ಒಬ್ಬ ಬ್ರಿಟಿಷ್ ಸಾಹೇಬ ಮಾರಿಷಸ್‌ನಿಂದ ಕಲ್ಕತ್ತಾಗೆ ತಂದನಂತೆ. ಷೋಕಿ ಅವನದು, ಬದನೆ ಹೋಗಿದ್ದು ನಮ್ಮದು, ಅಲ್ವಾ?

ಯಾರ ಮನೆಯಲ್ಲಾದರೂ ಪಪ್ಪಾಯಿ ಗಿಡ ಇದ್ದರೆ ಹೇಳಿ. ನಮ್ಮದರಲ್ಲಿ ಎಲೆ ಖಾಲಿ ಆಗ್ತಾ ಬಂತು.