ಕಟ್ಟು ಬಿಚ್ಚುವವರೆಗಾದರೂ ಬೀಡಿ ಬೇಡ

ಕೋಲಾರದ ಕಡೆ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡವರಿಗೆ ಮನೆಯವರು ತಪ್ಪದೆ ಕಾಲು ಸೂಪು, ರಾಗಿ ಗಂಜಿ ಮಾಡಿಕೊಡುತ್ತಾರೆ. ಒಳ್ಳೆಯದೇ. ಉಂಡ ಮೇಲೆ ಅದೇ ಮಂಚದಲ್ಲಿ ಕೂತು ಬೀಡಿ ಹಚ್ಚಿದರೆ ಮಾತ್ರ ಯಾರೂ ತಡೆಯುವುದಿಲ್ಲ.

ಆಸ್ಪತ್ರೆಯ ಪ್ಲಾಸ್ಟರ್ ಆಗಲಿ, ನಾಟಿ ವೈದ್ಯರು ಹಾಕುವ ಪುತ್ತೂರು ಕಟ್ಟಾಗಲಿ, ಮೂಳೆ ಅಲ್ಲಾಡದಂತೆ ಹಿಡಿದಿಡುತ್ತದೆ ಅಷ್ಟೆ. ಕೂಡಿಸುವುದು ರಕ್ತ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರದಲ್ಲಿ ಮೆತ್ತನೆಯ ಬೆಸುಗೆ ಮೂಡಿ, ಅದು ಬರಬರುತ್ತಾ ಗಟ್ಟಿ ಮೂಳೆಯಾಗುತ್ತದೆ. ಅದಕ್ಕೆ ಹೊಸ ರಕ್ತನಾಳಗಳು ಹುಟ್ಟಬೇಕು. ಬೀಡಿಯ ತಂಬಾಕಿನಲ್ಲಿರುವ ನಿಕೋಟಿನ್ ಸಣ್ಣ ನಾಳಗಳನ್ನು ಬಿಗಿಯುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್, ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ತಾನೇ ಕೂರುತ್ತದೆ. ಮೂಳೆ ಕಟ್ಟುವ ಜೀವಕೋಶಗಳೂ ಸೊರಗುತ್ತವೆ.

ಮೊಣಕಾಲಿನ ಕೆಳಗೆ ಮುಂಭಾಗವನ್ನು ಬೆರಳಲ್ಲಿ ಒತ್ತಿ ನೋಡಿ. ಮಾಂಸವೇ ಇಲ್ಲ, ಚರ್ಮದಡಿಯಲ್ಲೇ ಮೂಳೆ ಸಿಗುತ್ತದೆ. ಅದಕ್ಕೇ ಅಲ್ಲಿ, ಅದರಲ್ಲೂ ಪಾದದ ಹತ್ತಿರದ ಭಾಗಕ್ಕೆ, ರಕ್ತ ಮೊದಲೇ ಕಡಿಮೆ. ಬೀಡಿ ಸೇದದವರಿಗೂ ಅದು ಕೂಡಲು ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ಸೇದುವವರಲ್ಲಿ ಇನ್ನೂ ತಡ. ಕೆಲವರಲ್ಲಿ ಕೂಡುವುದೇ ಇಲ್ಲ. ಆಗ ಸೊಂಟದಿಂದ ಮೂಳೆಯ ಚೂರು ತೆಗೆದು ಅಲ್ಲಿಗೆ ತುಂಬುವ ಇನ್ನೊಂದು ಆಪರೇಷನ್. ಗಾಯ ಕೀವಾಗುವ ಭಯವೂ ಇವರಿಗೇ ಹೆಚ್ಚು.

"ದಿನಾ ಮುದ್ದೆ ತಿಂತೀನಲ್ಲ" ಅನ್ನುವವರಿದ್ದಾರೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 1000. ಧೂಮಪಾನ ಕರುಳು ಹೀರಿಕೊಳ್ಳುವ ಕ್ಯಾಲ್ಸಿಯಂ ಅನ್ನೇ ತಗ್ಗಿಸುತ್ತದೆ. ಜೊತೆಗೆ ನಮ್ಮ ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಬಹಳ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ ಎಕ್ಸ್‌ರೇಯಲ್ಲಿ ದಟ್ಟವಾಗಿ ಕಂಡರೂ ಒಳಗೆ ಪೆಡಸಾಗಿ ಬೇಗ ಮುರಿಯುವಂತಿರುತ್ತದೆ. ಇಂಥ ಮೂಳೆಗೆ ಹೊಗೆಯ ಕಾಟ ಬೇರೆ ಬೇಡ.

ಆಪರೇಷನ್ ಮೊದಲೇ ನಿಗದಿಯಾಗಿದ್ದರೆ ನಾಲ್ಕು ವಾರ ಮುಂಚೆಯಾದರೂ ಬಿಡಿ. ಆಕಸ್ಮಿಕವಾಗಿ ಮುರಿದರೆ, ಕಟ್ಟು ಹಾಕಿಸಿಕೊಂಡ ದಿನವೇ. ಬೀಡಿ ಬಿಟ್ಟು ಹೊಗೆಸೊಪ್ಪು ಹಾಕಿಕೊಂಡರೆ ನಿಕೋಟಿನ್ ಬಿಟ್ಟಂತಲ್ಲ. ಚಟ ತಡೆಯಲಾಗದಿದ್ದರೆ ನಿಕೋಟಿನ್ ಗಮ್ ಇದೆ. ಮುರಿತ ಇರುವಾಗ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ. ಚೂಯಿಂಗ್ ಗಮ್ ಥರ ಒಂದೇ ಸಮನೆ ಜಗಿದರೆ ಬಿಕ್ಕಳಿಕೆ, ಎದೆಯುರಿ ಬರುತ್ತದೆ. ನಿಧಾನ ಜಗಿದು, ಚುರುಕು ಅನ್ನಿಸಿದಾಗ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಿ. ಚುರುಕು ಇಳಿದ ಮೇಲೆ ಮತ್ತೆ ಜಗಿಯಿರಿ. ಒಂದು ಗಮ್ ಹೀಗೆ ಅರ್ಧ ಗಂಟೆ ಬರುತ್ತದೆ. ಕಾಫಿ, ಟೀ ಕುಡಿದು ಕಾಲು ಗಂಟೆಯಾದರೂ ಕಳೆದಿರಲಿ, ಇಲ್ಲದಿದ್ದರೆ ಔಷಧಿ ಹಿಡಿಯುವುದಿಲ್ಲ. ಬಿಡಲು ನೆರವು ಬೇಕಿದ್ದರೆ ಸರ್ಕಾರದ ಉಚಿತ ಸಹಾಯವಾಣಿ 1800-11-2356.