ಬಾರ್ ಇಲ್ಲದ ಬಾರ್‌ಟೆಂಡರ್, ಕಟ್ಟು ಬಿಡದ ಅಕ್ಕ

ನಮ್ಮ ಆಫೀಸಿನಲ್ಲಿ ಒಂದು ಫಾರ್ಮ್ ಇದೆ. ಪಾಪ್-ಅಪ್ ಊಟಕ್ಕೆ, ಅಂದರೆ ಎಲ್ಲೋ ಒಂದು ಕಡೆ ಒಂದು ದಿನದ ಮಟ್ಟಿಗೆ ಹಾಕುವ ಟಿಕೆಟ್ ಊಟಕ್ಕೆ, ಹೊಸ ಶೆಫ್ ಬರಲಿ, ಬಾರ್‌ಟೆಂಡರ್ ಬರಲಿ, ಮೊದಲು ಅದನ್ನು ತುಂಬಿಸಬೇಕು. 'ನಿಮಗೆ ಸ್ಫೂರ್ತಿ ಯಾರು?', 'ನಿಮ್ಮ ಸಿಗ್ನೇಚರ್ ಏನು?', 'ನಿಮ್ಮ ಶೈಲಿ ಮೂರು ಪದಗಳಲ್ಲಿ?' ಇಂಥವೇ ಪ್ರಶ್ನೆಗಳು. ಉತ್ತರಗಳೂ ಅಷ್ಟೇ. ಎಲ್ಲರಿಗೂ ಅಜ್ಜಿಯೇ ಸ್ಫೂರ್ತಿ. ಅದನ್ನೇ ತಿದ್ದಿ ತೀಡಿ ಕಾರ್ಡ್ ಮಾಡಿಸಿ ಟೇಬಲ್ ಮೇಲೆ ಇಡುವುದು, ಒಂದು ರೀಲ್ ಮಾಡಿ ಹಾಕುವುದು ನನ್ನ ಕೆಲಸ. ಹೆಸರಿಗೆ ಕೋಆರ್ಡಿನೇಟರ್. ಐಸ್ ತರುವವನೂ ನಾನೇ, ಸಿಲಿಂಡರ್ ಹೊರುವವನೂ ನಾನೇ.

ಆ ಫಾರ್ಮ್‌ನಿಂದ ಯಾರ ಬಗ್ಗೆಯೂ ಏನೂ ಗೊತ್ತಾಗುವುದಿಲ್ಲ. ಇದನ್ನು ಮೀಟಿಂಗ್‌ನಲ್ಲಿ ಹೇಳಿದೆ, ಯಾರೂ ಕೇಳಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಧಾರವಾಡದ ಸಪ್ತಾಪುರದ ಕಡೆ ಒಂದು ಹಳೇ ಹಂಚಿನ ಮನೆ. ಹಿತ್ತಲಲ್ಲಿ ಒಂದೇ ಉದ್ದ ಟೇಬಲ್, 24 ಜನಕ್ಕೆ. ಎಲ್ಲರೂ ಅಪರಿಚಿತರು, ಒಟ್ಟಿಗೆ ಕೂತು ಉಣ್ಣಬೇಕು. ಎಳ್ಳ ಅಮಾವಾಸ್ಯೆ ಮುಗಿದ ಚಳಿ. ಪೂರ್ತಿ ಸಸ್ಯಾಹಾರ. ಶೆಫ್ ಹಾವೇರಿ ಕಡೆಯವರು, ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ಪಳಗಿದವರು. ರೊಟ್ಟಿ, ಹೋಳಿಗೆ, ಕಟ್ಟಿನ ಸಾರಿಗೆ ಹಳೇ ಹುಬ್ಬಳ್ಳಿಯಿಂದ ಒಬ್ಬ ಅಕ್ಕ. ಹುಬ್ಬಳ್ಳಿ ಖಾನಾವಳಿ ಅಂದರೆ ಹೊರಗಿನವರಿಗೆ ಮಾಂಸದೂಟದ ಸಾವಜಿಯೇ ನೆನಪಾಗುವುದು. ಅಕ್ಕನದು ಸಸ್ಯಾಹಾರದ ಲಿಂಗಾಯತ ಖಾನಾವಳಿ. ಬಾರ್‌ಗೆ ಗದಗ-ಬೆಟಗೇರಿಯ ಹುಡುಗ, ಗೋವಾದಲ್ಲಿ ಬಹಳ ವರ್ಷ ಇದ್ದವನು.

ಈ ಹುಡುಗನ ಬಗ್ಗೆ ನಾನು ಮೊದಲ ಭೇಟಿಯಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ. ರೀಲ್‌ಗೆ ಅಂತ ಬಾಟಲ್ ಎಸೆದು ಬೆನ್ನ ಹಿಂದೆ ಹಿಡಿದ. ಚೆನ್ನಾಗಿ ಬಂತು, ಲೈಕೂ ಬಿದ್ದವು. ಸರಿ, ಇವನು ಷೋ ಪಾರ್ಟಿ ಅಂದುಕೊಂಡೆ. ಕಾಲ್ ಶೀಟ್‌ನಲ್ಲಿ ಕಿಚನ್‌ಗೆ ಬೆಳಿಗ್ಗೆ 9, ಬಾರ್‌ಗೆ ಸಂಜೆ 4 ಅಂತ ಬರೆದೆ. ಅವನು 10ಕ್ಕೇ ಬಂದ. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ, ಹೆಗಲಿಗೆ ಶೇಕರ್ ಬ್ಯಾಗ್ ಹಾಕಿಕೊಂಡು. ಬಂದವನೇ ಅಕ್ಕನ ಪಕ್ಕ ಕೂತು ಬೆಳ್ಳುಳ್ಳಿ ಸುಲಿಯತೊಡಗಿದ. ಸುಮ್ನೆ ಟೈಂಪಾಸ್ ಮಾಡ್ತಿದ್ದಾನೆ, ಮಧ್ಯಾಹ್ನದ ಊಟಕ್ಕೆ ಒಂದು ಪ್ಲೇಟ್ ಜಾಸ್ತಿ ಆಯ್ತು ಅಂತ ನನ್ನ ಲೆಕ್ಕ.

ಸಂಜೆ 5:30ಕ್ಕೆ ಆಫೀಸಿನಿಂದ ಫೋನ್. ಚಲನ್ ಕಟ್ಟುವುದು ತಡವಾಗಿದೆ, ಸಿಎಲ್-5, ಅಂದರೆ ಇಂಥ ಕಾರ್ಯಕ್ರಮದಲ್ಲಿ ಮದ್ಯ ಕೊಡಲು ಬೇಕಾದ ತಾತ್ಕಾಲಿಕ ಲೈಸೆನ್ಸ್, ಇವತ್ತು ಬರುವುದಿಲ್ಲ.

'ಮತ್ತೆ?'

'ನೀವೇ ಮ್ಯಾನೇಜ್ ಮಾಡಿ.'

ಮ್ಯಾನೇಜರ್ ಸಂಬಳ ತೆಗೆದುಕೊಳ್ಳುವವರು ನನಗೆ ಮ್ಯಾನೇಜ್ ಮಾಡು ಅನ್ನುತ್ತಾರೆ. ಇರಲಿ. ಫೋನ್ ಇಡುವ ಮುಂಚೆ ಒಂದು ಸಲಹೆಯೂ ಬಂತು: 'ಸ್ಟೀಲ್ ಲೋಟದಲ್ಲಿ ಕೊಟ್ಟರೆ ಯಾರಿಗೆ ಗೊತ್ತಾಗುತ್ತೆ?'

ಆಗ ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಶೆಫ್ ಬದನೆಕಾಯಿ ಸೀಳುತ್ತಿದ್ದರು. ಹೊರಗೆ ಹುಡುಗ ಗ್ಲಾಸ್ ಒರೆಸುತ್ತಿದ್ದ. 24 ಜನ ಕಾಕ್‌ಟೇಲ್ ಸೇರಿಸಿ ದುಡ್ಡು ಕೊಟ್ಟಿದ್ದಾರೆ. ಗೇಟ್ ತೆರೆಯುವುದು 7:30ಕ್ಕೆ. ನಿಂತಲ್ಲೇ ಒಂದು ಪ್ಲಾನ್ ಮಾಡಿದೆ, ಆ ಹೊತ್ತಿಗೆ ಅದು ಬಹಳ ಜಾಣತನದ್ದು ಅನಿಸಿತ್ತು. ಹುಡುಗನಿಗೆ ಹೇಳಿ ಕಳಿಸಿಬಿಡುವುದು. ಲೈನ್ ಬಜಾರಿನಿಂದ ಸೋಡಾ, ಶರಬತ್ತು ತರಿಸುವುದು. ಶೆಫ್‌ಗೆ ಮಾತ್ರ ಈಗಲೇ ಹೇಳಬಾರದು. ಕೆಲಸದ ಮಧ್ಯೆ ತಲೆ ಕೆಡಿಸುವುದು ಯಾಕೆ, ಊಟಕ್ಕೂ ಬಾರ್‌ಗೂ ಏನು ಸಂಬಂಧ?

ಹುಡುಗನ ಹತ್ತಿರ ಹೋಗಿ ಹೇಳಿದೆ. ಲೈಸೆನ್ಸ್ ಕಥೆ, ಸ್ಟೀಲ್ ಲೋಟದ ಕಥೆ, ಎಲ್ಲ. ಅವನು ಬಾಟಲ್ ಬಾಕ್ಸ್ ಕಡೆ ನೋಡಿದ.

'ಪರ್ಮಿಟ್ ಇಲ್ಲಂದ್ರ ಸೀಲ್ ಒಡಿಯೂದಿಲ್ರಿ ಸರ. ಬಾಕ್ಸ್ ಕಾರಿನ್ಯಾಗ ಇಟ್ಟು ಲಾಕ್ ಮಾಡ್ರಿ.'

'ಸರಿ. ಹಾಗಾದರೆ ನೀವು ಇವತ್ತು ಫ್ರೀ.'

'ಕಿಚನ್‌ಗೆ ಹೇಳೀರೇನ್ರಿ?'

'ಆಮೇಲೆ ಹೇಳೋಣ ಅಂತ.'

ಅವನು ಒರೆಸುವ ಬಟ್ಟೆ ಕೆಳಗಿಟ್ಟ. ಮುಖ ಗಂಭೀರವಾಯಿತು. 'ಆಮ್ಯಾಲೆ ಅಂದ್ರ? ಭಜಿ ಉಪ್ಪು, ಎಣ್ಣಿಗಾಯಿ ಖಾರ, ಎಲ್ಲಾ ನನ್ನ ಡ್ರಿಂಕ್ ನೋಡಿ ಹಾಕ್ಯಾರ್ರಿ ಅವರು.'

ಬೆಳಿಗ್ಗೆ ಬೆಳ್ಳುಳ್ಳಿ ಸುಲಿಯುತ್ತ ನಡೆದದ್ದು ಅದು. ಶೆಫ್ ಒಂದೊಂದೇ ಚಮಚ ಕೊಟ್ಟಿದ್ದಾರೆ, ಇವನು ತಿಂದು ತನ್ನ ರೆಸಿಪಿ ತಿದ್ದಿದ್ದಾನೆ. ಮೊದಲು 60 ಎಂಎಲ್ ಜಿನ್ ಇದ್ದದ್ದನ್ನು 30ಕ್ಕೆ ಇಳಿಸಿದ್ದನಂತೆ. ಖಾರದ ಮೇಲೆ ಸ್ಟ್ರಾಂಗ್ ಮದ್ಯ ಬಿದ್ದರೆ ಉರಿ ಇನ್ನೂ ಏರುತ್ತದೆ, ಇಳಿಯುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಅಂದರೆ ಬಣ್ಣ ಜಾಸ್ತಿ, ಖಾರ ಕಡಿಮೆ. 2011ರಲ್ಲಿ ಜಿಐ (ಊರಿನ ಹೆಸರಿಗೆ ಕೊಡುವ ಭೌಗೋಳಿಕ ಗುರುತು) ಸಿಕ್ಕಿದ್ದೂ ಆ ಹೆಸರಿಗೇ. ಆದರೆ ಶೆಫ್ ಅದರ ಜೊತೆ ಖಾರ ಜಾಸ್ತಿಯ ಗುಂಟೂರು ಮೆಣಸಿನಕಾಯಿಯನ್ನೂ ಬೆರೆಸಿದ್ದರು. ಇದೆಲ್ಲ ಇವನಿಗೆ ಗೊತ್ತಿತ್ತು, ಅವರಿಗೆ ಗೊತ್ತಿತ್ತು. ಇಬ್ಬರ ಕಾರ್ಡನ್ನೂ ಬರೆದ ನನಗೆ ಗೊತ್ತಿರಲಿಲ್ಲ. ನನ್ನ ಕಾರ್ಡಿನಲ್ಲಿ ಇದ್ದದ್ದು ಅಜ್ಜಿ.

ಅವನೇ ಒಳಗೆ ಹೋಗಿ ಹೇಳಿದ. ನಾನು ಹಿಂದೆ. ಶೆಫ್ ಏನೂ ಅನ್ನಲಿಲ್ಲ. ಚಾಕು ಒರೆಸಿದರು. ಬೋರ್ಡ್ ಒರೆಸಿದರು. ಆ ಮೌನಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ನನ್ನನ್ನು ನೋಡದೇ ಹುಡುಗನನ್ನು ಕೇಳಿದರು: 'ಎಷ್ಟು ಟೈಮ್ ಬೇಕು?'

'ಎಂಟರ ತನಕ ಕೊಡ್ರಿ.'

'ಹಂಗಾದ್ರ ಭಜಿ ಹಿಂದಕ್ಕ ಹಾಕ್ತೀನಿ. ಹಿಟ್ಟು ಹೊಸಾದು ಕಲಸ್ತೀನಿ, ಉಪ್ಪು ಇಳಿಸಿ.'

ಅಷ್ಟೇ ಮೀಟಿಂಗ್. ನಮ್ಮ ಆಫೀಸಿನಲ್ಲಾದರೆ ಇದಕ್ಕೆ ಒಂದು ಪಿಪಿಟಿ ಆಗುತ್ತಿತ್ತು.

ಮುಂದಿನ ಎರಡು ತಾಸು ಆ ಹುಡುಗ ಅಡುಗೆಮನೆಯಲ್ಲಿ ಏನೇನು ಬಿಸಾಡುತ್ತಿದ್ದಾರೆ ಅಂತ ನೋಡಿಕೊಂಡು ಓಡಾಡಿದ. ನಿಜವಾಗಿ ಹೇಳಬೇಕೆಂದರೆ ಬೆಳಿಗ್ಗೆಯಿಂದಲೇ ನೋಡಿಟ್ಟುಕೊಂಡಿದ್ದ. ಗುರೆಳ್ಳು ಹಿಂಡಿಯ ಕೆಳಗೆ ಹರಡಲು ಶೆಫ್ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದ್ದರು. ಕೆಳಗಿನ ಪಾತ್ರೆಯಲ್ಲಿ ಹುಳಿ ನೀರು ತುಂಬಿತ್ತು. ಅದನ್ನು ಎತ್ತಿಕೊಂಡ. ಶುಂಠಿ, ಕೊತ್ತಂಬರಿ ಕಡ್ಡಿ ಜಜ್ಜಿ ಹಾಕಿದ. ನವಲೂರಿನ ಪೇರಲ ಟೇಬಲ್ ಅಲಂಕಾರಕ್ಕೆ ಅಂತ ನಾನು ತಂದಿದ್ದೆ. ಒಂದು ಬುಟ್ಟಿ ಪೂರ್ತಿ ಹೋಯಿತು. ಶಿರಸಿ ಕಡೆಯ ಕೋಕಂ ಅವನ ಬ್ಯಾಗಿನಲ್ಲೇ ಇತ್ತು. ಅದಕ್ಕೆ ಚಹಾಪುಡಿ ಹಾಕಿ ಹಾಲಿಲ್ಲದ ಡಿಕಾಕ್ಷನ್ ಇಳಿಸಿದ, ಬೆಲ್ಲ ಕರಗಿಸಿದ, ಕಾಳುಮೆಣಸು ಒಡೆದು ಹಾಕಿದ.

'ಚಹಾ ಯಾಕೆ?' ಅಂದೆ.

'ಮದ್ಯ ಇಲ್ಲಂದ್ರ ಡ್ರಿಂಕಿಗೆ ಮೈ ಇರೂದಿಲ್ರಿ ಸರ. ಬರೇ ಜ್ಯೂಸ್ ಆಗ್ತದ, ಒಂದ ಗುಟಕಿಗೆ ಮುಗೀತು. ಚಹಾದ ಒಗರು ಬಾಯಾಗ ನಿಂದರ್ತದ. ಮೆಣಸಿಂದು ಗಂಟಲಿಗೆ.'

ಐಸ್ ಬಗ್ಗೆಯೂ ನನಗೆ ಪಾಠ ಆಯಿತು. ಶೇಕ್ ಮಾಡುವಾಗ ಐಸ್ ಕರಗಿ ಕಾಲುಭಾಗದಷ್ಟು ನೀರು ಸೇರುತ್ತದಂತೆ. ಕಾಕ್‌ಟೇಲ್‌ಗೆ ಆ ನೀರು ಬೇಕು. ಮದ್ಯವಿಲ್ಲದ್ದಕ್ಕೆ ಅದೇ ಶತ್ರು. ಅದಕ್ಕೇ ಎಲ್ಲವನ್ನೂ ಗಟ್ಟಿ ಮಾಡಿ ಬ್ಯಾಚ್ ಹಾಕಿಟ್ಟ, ಬಾಟಲ್‌ಗೆ ತುಂಬಿ ಐಸ್ ಬಾಕ್ಸಿನಲ್ಲಿ ಹೂತ. ಆರ್ಡರ್ ಬಂದಾಗ ನಾಲ್ಕೇ ಸಲ ಅಲ್ಲಾಡಿಸಿ ಸೋಸುವುದು.

ಪೇರಲದ ಡ್ರಿಂಕ್‌ಗೆ ಮೇಲೆ ನೊರೆ ಬೇಕಿತ್ತು. ಬಾರ್‌ಗಳಲ್ಲಿ ನೊರೆಗೆ ಹಾಕುವ ಮೊಟ್ಟೆಯ ಬಿಳಿ ಈ ಅಡುಗೆಮನೆಯೊಳಗೆ ಬರುವ ಹಾಗಿಲ್ಲ. ಅವನ ಕಣ್ಣು ಅಕ್ಕನ ಬೋಗುಣಿ ಮೇಲೆ ಬಿತ್ತು. ಹೋಳಿಗೆಗೆ ಕಡಲೆಬೇಳೆ ಬೇಯಿಸಿ ಬಸಿದ ಕಟ್ಟು.

'ಅಕ್ಕಾರ, ಒಂದ್ ಚರಿಗಿ ಕಟ್ಟು ಕೊಡ್ರಿ.'

'ಸಾರಿಗೆ ಏನ್ ಹಾಕ್ಲಿ, ನಿನ್ನ ತಲಿ?'

'ಅರ್ಧಾ ಚರಿಗಿ?'

'ಒಂದ್ ವಾಟಗಾ. ಅದೂ ಬೆಳ್ಳುಳ್ಳಿ ಸುಲದಿ ಅಂತ.'

ಎರಡು ವಾಟಗಾಕ್ಕೆ, ಅಂದರೆ ಎರಡು ಸಣ್ಣ ಬಟ್ಟಲಿಗೆ, ಒಪ್ಪಂದವಾಯಿತು. ತಲೆಗೆ ಒಂದು ಚಮಚ. ಕಟ್ಟು, ಪೇರಲದ ರಸ, ನಿಂಬೆ, ಬೆಲ್ಲದ ಪಾಕ ಹಾಕಿ ಐಸ್ ಇಲ್ಲದೇ ಮೊದಲು ಶೇಕ್ ಮಾಡಿದ. ತವಾ ಮುಂದೆ ಕೂತ ಅಕ್ಕ ರೊಟ್ಟಿ ಬಡಿಯುವುದು ನಿಲ್ಲಿಸಿ ನೋಡುತ್ತಿದ್ದರು. ಶೇಕರ್ ತೆರೆದು ಸುರಿದಾಗ ಬೆಳ್ಳನೆಯ ದಪ್ಪ ನೊರೆ ಗ್ಲಾಸಿನ ಅಂಚಿನವರೆಗೆ ಬಂದು ನಿಂತಿತು. ಬೆರಳಿಟ್ಟರೆ ಗುಳಿ ಹಾಗೇ ಉಳಿಯಿತು.

'ಸಬಕಾರ ಹಾಕಿಯೇನೋ ತಮ್ಮಾ?'

'ನಿಮ್ಮ ಕಟ್ಟ ರೀ ಅದು.'

ಅಕ್ಕ ಒಂದು ಗುಟುಕು ಕುಡಿದರು. ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡರು. 'ಉಪ್ಪು ಸಾಲ್ದು. ಪ್ಯಾರಲಾ ಉಪ್ಪು ಖಾರಾ ಇಲ್ದ ಯಾರ್ ತಿಂತಾರ?' ಅವನು ವಾದ ಮಾಡಲಿಲ್ಲ. ಗ್ಲಾಸಿನ ಅಂಚಿಗೆ ನಿಂಬೆ ಸವರಿ ಉಪ್ಪು-ಖಾರದ ಪುಡಿ ಹಚ್ಚಿದ. ಡ್ರಿಂಕ್‌ಗೂ ಒಂದು ಚಿಟಿಕೆ ಉಪ್ಪು ಬಿತ್ತು.

7:30ಕ್ಕೆ ಜನ ಬಂದರು, ಬಾರ್ ರೆಡಿ ಇಲ್ಲ. ಮದ್ಯ ಇಲ್ಲ ಅಂತ ಹೇಳುವ ಪುಣ್ಯದ ಕೆಲಸ ನನ್ನದೇ. ನಾಲ್ಕು ಜನ ಹುಡುಗರು ರೀಫಂಡ್ ಕೇಳಿದರು, ನ್ಯಾಯವೇ. ಆಫೀಸಿಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ. ನಾನು ಏನೇನೋ ಸುತ್ತಿ ಬಳಸಿ ಹೇಳುತ್ತಿದ್ದೆ. ಬಾರ್ ಹುಡುಗ ಬಂದು ನೇರವಾಗಿ ಅಂದ: 'ಪರ್ಮಿಟ್ ಬರ್ಲಿಲ್ರಿ. ನನಗೂ ಬ್ಯಾಸರಾಗೇತಿ. ಒಂದು ಗ್ಲಾಸ್ ಕುಡದು ನೋಡ್ರಿ, ಸೇರಲಿಲ್ಲಂದ್ರ ಹೋಗ್ರಿ.' ಕೂತರು. ಅವರಲ್ಲಿ ಒಬ್ಬ ಮಾತ್ರ ಕೊನೆಯವರೆಗೂ ಮುಖ ಗಂಟು ಹಾಕಿಕೊಂಡೇ ಉಂಡ.

ಆ ಅರ್ಧ ಗಂಟೆ ಕಾಪಾಡಿದ್ದು ಅಕ್ಕ. ಕೇಳದೇ ಕಡಕ್ ರೊಟ್ಟಿ ಕಳಿಸಿಬಿಟ್ಟರು, ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಗಟ್ಟಿ ಮೊಸರು. ಖರ್ಚು ಉಳಿಸಲು ನಮ್ಮವರು ಬಟ್ಟಲು ಕಡಿಮೆ ಬಾಡಿಗೆಗೆ ತಂದಿದ್ದರು. ಒಂದು ಬಟ್ಟಲು ಆರು ಜನಕ್ಕೆ. 'ಸ್ವಲ್ಪ ಈ ಕಡೆ ಕೊಡ್ರಿ' ಅನ್ನದೇ ಗತಿಯಿಲ್ಲ. ಐಸ್‌ಬ್ರೇಕರ್ ಆಟಕ್ಕೆ ಅಂತ ನಾನು ಪ್ರಿಂಟ್ ಮಾಡಿಸಿದ ಚೀಟಿಗಳು ಚೀಲದಲ್ಲೇ ಉಳಿದವು. ಕೃಷಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿ ನಿವೃತ್ತರಾದ ಒಬ್ಬರು, ಜೋಳದಲ್ಲಿ ಗ್ಲುಟೆನ್ ಇಲ್ಲ, ಅದಕ್ಕೇ ಕುದಿಯುವ ನೀರು ಹಾಕಿ ನಾದಿದರೆ ಮಾತ್ರ ಹಿಟ್ಟು ಕೂಡಿಕೊಳ್ಳುತ್ತದೆ ಅಂತ ಪಕ್ಕದವರಿಗೆ ವಿವರಿಸುತ್ತಿದ್ದರು. ಬಿಸಿ ರೊಟ್ಟಿ ತಂದ ಅಕ್ಕ ನಿಂತು ಕೇಳಿದರು. 'ಹಿಟ್ಟು ಹಳೀದಾದ್ರ ಕುದಿಯೂ ನೀರಿಗೂ ಜಗ್ಗಂಗಿಲ್ರಿ ಸರ, ಅದನ್ನೂ ಹೇಳ್ರಿ' ಅಂದು ಒಳಗೆ ಹೋದರು.

ಡ್ರಿಂಕ್‌ಗಳಲ್ಲಿ ಎಲ್ಲವೂ ಗೆದ್ದವು ಅಂತ ಹೇಳಲಾರೆ. ಪೇರಲದ್ದು 9ಕ್ಕೇ ಖಾಲಿ. ಎಣ್ಣಿಗಾಯಿ ಜೊತೆ ಕೋಕಂ-ಚಹಾ ಚೆನ್ನಾಗಿ ಕೂಡಿತು, ಇಬ್ಬರು ರೆಸಿಪಿ ಬರೆದುಕೊಂಡರು. ಮೊಸರಿನ ನೀರಿನದ್ದು ಮಾತ್ರ ಅರ್ಧಕ್ಕರ್ಧ ಗ್ಲಾಸಿನಲ್ಲೇ ಉಳಿಯಿತು. ಭಜಿ ಕಚ್ಚಿಕೊಂಡು ಕುಡಿದವರಿಗೆ ಹಿಡಿಸಿತು, ಬರೀ ಕುಡಿದವರು ಮುಖ ಹಿಂಡಿದರು. 'ಅದನ್ನ ಭಜಿ ಜೋಡಿನ ಕೊಡಬೇಕಿತ್ತು, ಮೊದಲ ಯಾಕ್ ಕಳಿಸಿದ್ರಿ' ಅಂತ ಹುಡುಗ ಸರ್ವಿಸ್‌ನವರ ಮೇಲೆ ಸಿಟ್ಟಾದ. ಹೇಳಿದ್ದು ನಾನೇ, ಆದರೆ ಆ ಹೊತ್ತಿನಲ್ಲಿ ಬಾಯಿ ಬಿಡಲಿಲ್ಲ.

ಈಗ ನಾನು ಮಾಡುವುದು ಇಷ್ಟು. ಬಾರ್‌ಟೆಂಡರ್‌ನನ್ನು ಬೆಳಿಗ್ಗೆ ಅಡುಗೆ ತಯಾರಿಯ ಹೊತ್ತಿಗೇ ಕರೆಸುತ್ತೇನೆ, ಆ ತಾಸುಗಳಿಗೂ ದುಡ್ಡು ಹಾಕುತ್ತೇನೆ. ಫಾರ್ಮ್ ಕಳಿಸುವ ಬದಲು ಬೆಳಿಗ್ಗೆ ಹೋಗಿ ಈರುಳ್ಳಿ ಹೆಚ್ಚುತ್ತ ಕೂರುತ್ತೇನೆ. ಯಾರು ಯಾರ ಅಡುಗೆ ತಿಂದು ನೋಡಿದರು, ಯಾರು ಮುಟ್ಟಲಿಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ. ಕೆಟ್ಟ ಸುದ್ದಿ ಬಂದರೆ ಮೊದಲು ಕಿಚನ್‌ಗೆ ಹೇಳುತ್ತೇನೆ, ಆಮೇಲೆ ಉಳಿದವರಿಗೆ. ಆಫೀಸಿಗೆ ಫಾರ್ಮ್ ಬೇಕೇ ಬೇಕಂತೆ. ಅದನ್ನು ನಾನೇ ತುಂಬಿ ಕಳಿಸುತ್ತೇನೆ. ಅಜ್ಜಿ ಅಂತ ಬರೆದರೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ಇನ್ನು ಬಿಲ್ಲಿನ ಕಥೆ. ಹುಡುಗನ ಕೊಟೇಶನ್‌ನಲ್ಲಿ 'ಕಾಕ್‌ಟೇಲ್ ಸರ್ವಿಸ್' ಅಂತ ಇತ್ತು. ಕಾಕ್‌ಟೇಲ್ ಕೊಟ್ಟಿಲ್ಲವಲ್ಲ, ಪೂರ್ತಿ ದುಡ್ಡು ಯಾಕೆ ಅಂತ ಅಕೌಂಟ್ಸ್‌ನವರು ಹಿಡಿದಿಟ್ಟಿದ್ದಾರೆ. ಅರ್ಧ ಹೋಗಿದೆ, ಉಳಿದದ್ದಕ್ಕೆ ಮೇಲ್ ಮೇಲೆ ಮೇಲ್ ಹಾಕುತ್ತಿದ್ದೇನೆ. ಶೆಫ್ ಬಿಲ್ಲೂ ಮುಂದಿನ ತಿಂಗಳಿಗೆ ಹೋಗಿದೆ. ಅಕ್ಕನದು ಮಾತ್ರ ಬಾಕಿ ಇಲ್ಲ. ಅವರು ಅವತ್ತು ಒಲೆ ಹಚ್ಚುವ ಮುಂಚೆಯೇ ನಗದು ಎಣಿಸಿಕೊಂಡಿದ್ದರು.