ಅಂಟಿಲ್ಲದ ಸಂದುಗಳು

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಹಾಲ್‌ಗೂ ಮಲಗುವ ಕೋಣೆಗೂ ನಡುವೆ ಇರುವ ಗೋಡೆಗೆ ಮರದ ಹೊದಿಕೆ ಹಾಕಿಸುವ ಮಾತು ಬಂದಾಗ, ಕೇಳಿದವರೆಲ್ಲ ಪ್ಲೈವುಡ್ಡಿಗೆ ವಿನೀರ್ ಎಂಬ ತೆಳು ಮರದ ಹಾಳೆ ಅಂಟಿಸಿ ಮೇಲೆ ಗೆರೆ ಕೊರೆಯುವ ಉಪಾಯವನ್ನೇ ಹೇಳಿದರು. ಪ್ಲೈವುಡ್ ಋತುವಿನಿಂದ ಋತುವಿಗೆ ಅಷ್ಟಾಗಿ ಹಿಗ್ಗಿ ಕುಗ್ಗುವುದಿಲ್ಲವಾದ್ದರಿಂದ ಅದು ತಪ್ಪು ಸಲಹೆಯೇನೂ ಅಲ್ಲ. ಆದರೆ ಕೆಡವಿದ ಹಳೆಯ ಕಟ್ಟಡವೊಂದರ ಬರ್ಮಾ ತೇಗದ ತೊಲೆಗಳು ಮುಂಬೈಯ ರೇ ರೋಡಿನ ಮರದ ಅಡ್ಡೆಯಲ್ಲಿ ನನ್ನ ಕಣ್ಣಿಗೆ ಬಿದ್ದು, ಅವನ್ನು ಕೊಂಡು ಸೀಳಿಸಿಯೂ ಆಗಿತ್ತು. ಗಟ್ಟಿ ಮರದ ಹಲಗೆಗಳನ್ನು ಗೋಡೆಯುದ್ದಕ್ಕೂ ಜೋಡಿಸಬೇಕೆಂದರೆ ಟಂಗ್ ಆ್ಯಂಡ್ ಗ್ರೂವ್ ಸಂದಿಗಿಂತ ಒಳ್ಳೆಯದಿಲ್ಲವೆಂಬುದು ಕುಂದಾಪುರ ಕಡೆಯವರಾದ ನಮ್ಮ ಬಡಗಿ ಆಚಾರ್ರ ಅಭಿಪ್ರಾಯವೂ ಆಗಿತ್ತು.

ಒಂದು ಹಲಗೆಯ ಅಂಚಿನಲ್ಲಿ ನಾಲಿಗೆ, ಇನ್ನೊಂದರ ಅಂಚಿನಲ್ಲಿ ಅದು ಕೂರುವ ತೋಡು. ಇಷ್ಟೇ ಇದರ ರಚನೆ. ನಮ್ಮ ಹಲಗೆಗಳು 18 ಮಿ.ಮೀ. ದಪ್ಪವಿದ್ದುದರಿಂದ ಅದರ ಮೂರನೆಯ ಒಂದು ಪಾಲು, ಅಂದರೆ 6 ಮಿ.ಮೀ. ಅಗಲದ ತೋಡು ಸಾಕೆಂದು ಆಚಾರ್ರು ಗುರುತು ಹಾಕಿದರು. ತೋಡನ್ನು ಅದಕ್ಕಿಂತ ಅಗಲ ಮಾಡಿದರೆ ಅದರ ಎರಡು ತುಟಿಗಳೂ ತೆಳ್ಳಗಾಗಿ ಸೀಳುತ್ತವೆ. ತೋಡಿನ ಆಳ 10 ಮಿ.ಮೀ., ನಾಲಿಗೆಯ ಉದ್ದ ಮಾತ್ರ 8 ಮಿ.ಮೀ. ಈ ಎರಡು ಮಿಲಿಮೀಟರಿನ ಖಾಲಿ ಜಾಗವಿಲ್ಲದಿದ್ದರೆ ನಾಲಿಗೆಯ ತುದಿ ತೋಡಿನ ತಳಕ್ಕೆ ಮೊದಲೇ ತಾಗಿ, ಮುಂಭಾಗದ ಅಂಚುಗಳು ಒಂದಕ್ಕೊಂದು ಸೇರುವುದೇ ಇಲ್ಲ.

ಹಳೆಯ ಮರದಲ್ಲಿ ಮುರಿದು ಒಳಗೇ ಉಳಿದ ಮೊಳೆಗಳನ್ನು ಅಯಸ್ಕಾಂತ ಹಿಡಿದು ಹುಡುಕಿ ತೆಗೆಯುವುದರಲ್ಲೇ ಬೆಳಗಿನ ಬಹುಪಾಲು ಕಳೆಯಿತು. ಆಮೇಲೆ ಎಲ್ಲ ಹಲಗೆಗಳ ಚೆಂದದ ಮುಖಕ್ಕೆ ಪೆನ್ಸಿಲ್ ಗುರುತು ಹಾಕಿ, ಆ ಮುಖವನ್ನೇ ಆಧಾರವಾಗಿಟ್ಟುಕೊಂಡು ಮರ ಕೊರೆಯುವ ಯಂತ್ರವಾದ ರೌಟರ್ ಓಡಿಸಿದೆವು. ಹಲಗೆಗಳ ದಪ್ಪದಲ್ಲಿ ಕೂದಲೆಳೆಯ ವ್ಯತ್ಯಾಸವಿದ್ದರೂ ಅದು ಹಿಂಬದಿಗೆ ಹೋಗುವುದರಿಂದ ಎದುರಿನ ಮೈ ಸಮತಟ್ಟಾಗಿಯೇ ಇರುತ್ತದೆ. ಎಲ್ಲ ತೋಡುಗಳೂ ಮುಗಿದ ಮೇಲೆಯೇ ನಾಲಿಗೆಗೆ ಕೈ ಹಚ್ಚಿದ್ದು; ರೌಟರಿನ ಅಲಗು (ಬಿಟ್) ಕೊರೆದಷ್ಟೇ ತೋಡಿನ ಅಗಲ, ಆದರೆ ನಾಲಿಗೆಯನ್ನು ಇನ್ನಷ್ಟು ತೆಳುವಾಗಿಸಲು ಬರುತ್ತದೆ. ತೇಗದಲ್ಲಿರುವ ಸಿಲಿಕಾ ಅಲಗನ್ನು ಬೇಗ ಮೊಂಡು ಮಾಡುವುದರಿಂದ ಮಧ್ಯಾಹ್ನದೊಳಗೆ ಬಿಟ್ ಬದಲಾಯಿಸಬೇಕಾಯಿತು. ನಮ್ಮ ಸೊಸೈಟಿಯಲ್ಲಿ ಮಧ್ಯಾಹ್ನ ಯಂತ್ರದ ಸದ್ದು ನಿಷಿದ್ಧ. ಆ ಹೊತ್ತಿನಲ್ಲಿ ಆಚಾರ್ರು ಚೀಲದಿಂದ ಕೀಸುಳಿ ತೆಗೆದು, ಬಿಗಿಯಾಗಿದ್ದ ನಾಲಿಗೆಗಳನ್ನು ಒಂದೊಂದಾಗಿ ಕೀಸಿ ಕೂರಿಸಿ ನೋಡುತ್ತಾ ಹೋದರು. ಕೈಯಿಂದ ಒತ್ತಿದರೆ ಒಳಹೋಗಬೇಕು, ಸುತ್ತಿಗೆ ಬೇಕಾಗಬಾರದು, ಎತ್ತಿ ಹಿಡಿದರೆ ತಾನಾಗಿ ಜಾರಿ ಬೀಳಲೂಬಾರದು. ಈ ಅಳತೆಯನ್ನು ರೌಟರ್ ಕೊಡುವುದಿಲ್ಲವೆಂದೇ ನನ್ನ ಎಣಿಕೆ.

ಸಂದಿಗೆ ಫೆವಿಕಾಲ್ ಬೇಡವೇ ಎಂದು ನನ್ನ ಹೆಂಡತಿ ಕೇಳಿದಾಗ ಅವರು ತಲೆಯೆತ್ತದೆ, "ಅಂಟು ಹಾಕಿದ್ರೆ ಮಳೆಗಾಲದಲ್ಲಿ ಇಡೀ ಗೋಡೆ ಒಂದೇ ಹಲಗೆಯಾಗಿ ಉಬ್ತದೆ ಅಕ್ಕಾ, ಬೇಡ" ಎಂದರು. ಲೆಕ್ಕ ಹಾಕಿ ನೋಡಿದರೆ ಮಾತು ಸರಿಯಾಗಿಯೇ ಇದೆ. ಮರ ಉದ್ದಕ್ಕೆ ಹೆಚ್ಚೇನೂ ಬೆಳೆಯುವುದಿಲ್ಲ, ಅಗಲಕ್ಕೆ ಬೆಳೆಯುತ್ತದೆ, ಮರದೊಳಗಿನ ತೇವಾಂಶ ಶೇ. 5ರಷ್ಟು ಏರಿದರೆ 100 ಮಿ.ಮೀ. ಅಗಲದ ತೇಗದ ಹಲಗೆ ಸುಮಾರು 1 ಮಿ.ಮೀ.ನಷ್ಟು ಹಿಗ್ಗಬಹುದು. ನಮ್ಮ 2.4 ಮೀಟರ್ ಗೋಡೆಗೆ ಅಂಥ 24 ಹಲಗೆಗಳು ಬೇಕು. ಎಲ್ಲವನ್ನೂ ಅಂಟಿಸಿ ಒಂದಾಗಿಸಿದ್ದರೆ ಅಷ್ಟೂ ಮಿಲಿಮೀಟರುಗಳು ಒಟ್ಟುಗೂಡಿ ಎರಡೂ ಮೂಲೆಗಳನ್ನು ತಳ್ಳುತ್ತಿದ್ದವು. ಬಿಡಿಯಾಗಿದ್ದರೆ ಪ್ರತಿ ಸಂದೂ ತನ್ನ ಪಾಲನ್ನು ತಾನೇ ನುಂಗಿಕೊಳ್ಳುತ್ತದೆ. ಅದು ಮೇ ತಿಂಗಳಾದ್ದರಿಂದ, ಮುಂದೆ ಹಿಗ್ಗಲು ಅವಕಾಶವಿರಲೆಂದು ಪ್ರತಿ ಸಂದಿನಲ್ಲಿ ತೆಳು ತಗಡೊಂದನ್ನು ಸಿಕ್ಕಿಸಿ ಅಷ್ಟು ಅಂತರ ಉಳಿಸಿದೆವು. ಇದೇ ಕೆಲಸವನ್ನು ಜುಲೈಯಲ್ಲಿ ಮಾಡಿದ್ದರೆ ಹಲಗೆಗಳನ್ನು ಒತ್ತಿಯೇ ಕೂರಿಸಬೇಕಿತ್ತು.

ಹಲಗೆಗಳಿಗೆ ಜೋಡಿಸುವ ಮುನ್ನವೇ ಹಿಂದೆ ಮುಂದೆ ಪಾಲಿಶ್ ಬಳಿದಿತ್ತು, ನಾಲಿಗೆಗೂ ಸೇರಿಸಿ. ಗೋಡೆಗೆ ಅಡ್ಡಡ್ಡ ರೀಪು ಹೊಡೆದು, ಮೂಲೆಯಿಂದ ಆರಂಭಿಸಿ, ನಾಲಿಗೆಯ ಬುಡದಲ್ಲಿ ಓರೆಯಾಗಿ ಮೊಳೆ ಇಳಿಸಿದರು. ಮುಂದಿನ ಹಲಗೆಯ ತೋಡು ಅದನ್ನು ಮುಚ್ಚುವುದರಿಂದ ಎದುರಿಗೆ ಒಂದು ಮೊಳೆಯೂ ಕಾಣದು; ಪ್ರತಿ ಹಲಗೆಯೂ ಒಂದೇ ಅಂಚಿನಲ್ಲಿ ಬಂಧಿತವಾಗಿದ್ದು, ಇನ್ನೊಂದು ಅಂಚು ಸರಿದಾಡಲು ಸ್ವತಂತ್ರವಾಗಿರುತ್ತದೆ. ಎರಡೂ ಮೂಲೆಗಳಲ್ಲಿ ಉಳಿಸಿದ ಬೆರಳಗಲದ ಜಾಗವನ್ನು ಮುಚ್ಚಲು ಹಾಕಿದ ಪಟ್ಟಿಯನ್ನೂ ಹಲಗೆಗೆ ಹೊಡೆಯದೆ ಹಿಂದಿನ ರೀಪಿಗೇ ಹೊಡೆದರು.

ಜುಲೈಯಲ್ಲಿ ಸಂದುಗಳು ಪೂರಾ ಮುಚ್ಚಿದವು. ಜನವರಿಯಲ್ಲಿ ಪೋಸ್ಟ್‌ಕಾರ್ಡ್ ತೂರುವಷ್ಟು ತೆರೆದವಾದರೂ ಒಳಗೆ ಕಂಡದ್ದು ಪಾಲಿಶ್ ಆದ ನಾಲಿಗೆಯೇ ಹೊರತು ಬಿಳಿಚಿದ ಹಸಿ ಮರವಲ್ಲ. ಕಿಟಕಿಯ ಬದಿಯ ಒಂದು ಸಂದು ಮಾತ್ರ ಉಳಿದವಕ್ಕಿಂತ ಅಗಲವಾಗಿತ್ತು. ಆ ಹಲಗೆಯ ತುದಿಯನ್ನು ನೋಡಿದರೆ ಮರದ ಉಂಗುರಗಳು ಅದರ ಅಗಲಕ್ಕೆ ಸಮನಾಗಿ ಮಲಗಿದ್ದವು. ಹಾಗೆ ಸೀಳಿದ ತೇಗ, ಉಂಗುರಗಳು ನೆಟ್ಟಗೆ ನಿಲ್ಲುವಂತೆ ಸೀಳಿದ ಹಲಗೆಗಿಂತ ಸುಮಾರು ಎರಡು ಪಟ್ಟು ಕುಗ್ಗುತ್ತದೆ. ಆಚಾರ್ರಿಗೆ ಫೋನ್ ಮಾಡಿ ಹೇಳಿದಾಗ, ನಾಲಿಗೆ ಇನ್ನೂ ತೋಡಿನೊಳಗೇ ಇದೆಯೇ ಎಂದಷ್ಟೇ ವಿಚಾರಿಸಿದರು. ಇತ್ತು.